ಬಿಪಿ ಮೊದಲೋ, ಕಿಡ್ನಿ ಮೊದಲೋ

ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕಾದು ಕುಳಿತ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಬಿಪಿ ಇದ್ದದ್ದರಿಂದ ಕಿಡ್ನಿ ಹೋಯಿತೋ, ಕಿಡ್ನಿ ಕೆಟ್ಟದ್ದರಿಂದ ಬಿಪಿ ಬಂತೋ?’ ಮೊದಲೇ ಗೊತ್ತಾಗಿದ್ದರೆ ತಪ್ಪಿಸಬಹುದಿತ್ತೇನೋ ಎಂಬ ಕೊರಗು ಆ ಪ್ರಶ್ನೆಯ ಹಿಂದೆ ಇರುತ್ತದೆ. ‘ಎರಡೂ ಇರಬಹುದು’ ಎಂಬ ಉತ್ತರ ಸಿಗುತ್ತದೆ. ಅದು ತಪ್ಪಲ್ಲ. ಆದರೆ ಆ ಉತ್ತರಕ್ಕೆ ಬಂದು ಮುಟ್ಟಲು ವೈದ್ಯವಿಜ್ಞಾನಕ್ಕೆ ಒಂದೂವರೆ ಶತಮಾನ ಬೇಕಾಯಿತು. ಪಟ್ನಾ ಮೂಲದ ಮನೆತನದ ಯುವ ವೈದ್ಯನೊಬ್ಬ, ಬ್ರೆಜಿಲ್‌ನ ಒಂದು ವಿಷದ ಹಾವು, ಬಾಸ್ಟನ್ನಿನ ಅವಳಿ ಸಹೋದರರು ಎಲ್ಲರೂ ಆ ಹುಡುಕಾಟದಲ್ಲಿ ಸೇರಿದ್ದಾರೆ. ಕೊನೆಗೆ ಬಲವಾದ ಸಾಕ್ಷಿ ನುಡಿದದ್ದು ಕಿಡ್ನಿ ಕಸಿ.

1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ತನ್ನ ರೋಗಿಗಳ ವಿವರಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಮೈ ಊದಿಕೊಂಡು ಬರುತ್ತಿದ್ದವರ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಉರಿಗೆ ಒಡ್ಡಿದರೆ ಅದು ಹೆಪ್ಪುಗಟ್ಟುತ್ತಿತ್ತು. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿದೆ ಎಂಬುದಕ್ಕೆ ಅದೇ ಪುರಾವೆ. ಇಂಥವರು ತೀರಿಕೊಂಡ ಮೇಲೆ ಶವಪರೀಕ್ಷೆ ಮಾಡಿದಾಗ ಕಿಡ್ನಿ ಸುಕ್ಕುಗಟ್ಟಿರುತ್ತಿತ್ತು, ಹೃದಯದ ಎಡಗೋಡೆ ದಪ್ಪಗಾಗಿರುತ್ತಿತ್ತು. ರಕ್ತದೊತ್ತಡ ಅಳೆಯುವ ಸಾಧನವೇ ಇಲ್ಲದ ಕಾಲ ಅದು. ಆದರೂ ಕೆಟ್ಟ ಕಿಡ್ನಿಯಿಂದ ರಕ್ತದ ಗುಣ ಬದಲಾಗಿ, ಅದನ್ನು ದೂಡಲು ಹೃದಯ ಹೆಚ್ಚು ದುಡಿಯಬೇಕಾಗಿ ಬರುತ್ತಿದೆ ಎಂದು ಬ್ರೈಟ್ ಊಹಿಸಿದ. ಕಿಡ್ನಿ ಮೊದಲು, ಉಳಿದದ್ದು ಆಮೇಲೆ ಎಂಬ ವಾದ ಹುಟ್ಟಿದ್ದು ಹೀಗೆ.

ಅದೇ ಆಸ್ಪತ್ರೆಯಲ್ಲಿ ಅರ್ಧ ಶತಮಾನದ ನಂತರ ಈ ವಾದವನ್ನು ತಿರುಗಿಸಿ ಹಾಕಿದವನು ಫ್ರೆಡ್ರಿಕ್ ಅಕ್ಬರ್ ಮಹಮದ್. ಇವನ ಅಜ್ಜ ಶೇಖ್ ದೀನ್ ಮಹಮದ್ 1759ರಲ್ಲಿ ಪಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಜೊತೆ ತಿರುಗಾಡಿ, ಆಮೇಲೆ ಕಡಲು ದಾಟಿ ಹೋದವನು. 1794ರಲ್ಲಿ ಅವನು ಪ್ರಕಟಿಸಿದ ಪ್ರವಾಸಕಥನ ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಮೊದಲ ಪುಸ್ತಕ. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲು ತೆರೆದ. ಬ್ರೈಟನ್ ಪಟ್ಟಣದಲ್ಲಿ ಅವನ ಹಬೆಸ್ನಾನದ ಮನೆಗೆ ಇಂಗ್ಲೆಂಡಿನ ಅರಸರೂ ಬರುತ್ತಿದ್ದರು. ಮೊಮ್ಮಗ ಹುಟ್ಟಿದ್ದು 1849ರಲ್ಲಿ, ಅದೇ ಬ್ರೈಟನ್ನಿನಲ್ಲಿ. ಭಾರತದ ವೈದ್ಯಕೀಯ ಪಠ್ಯಗಳಲ್ಲಿ ಅವನ ಹೆಸರು ಇಷ್ಟು ಅಪರೂಪವಾಗಿರುವುದು ನನಗೆ ಬೇಸರದ ಸಂಗತಿ.

ಮಹಮದ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1872ರಲ್ಲಿ, ನಾಡಿಯ ಅಲೆಯನ್ನು ಕಾಗದದ ಮೇಲೆ ಗೀಚುವ ಉಪಕರಣವನ್ನು ಸುಧಾರಿಸಿದ. ನಾಡಿಯನ್ನು ಎಷ್ಟು ಒತ್ತಿದರೆ ಅಲೆ ಸ್ಪಷ್ಟವಾಗಿ ಮೂಡುತ್ತದೆ ಎಂಬುದನ್ನು ತೂಕದಲ್ಲಿ ಹೇಳುವ ಏರ್ಪಾಡು ಅದರಲ್ಲಿತ್ತು. ನಾಡಿ ನೋಡುವುದು ನಮ್ಮ ಪಂಡಿತರಿಗೂ ಯುರೋಪಿನ ವೈದ್ಯರಿಗೂ ಹಳೆಯ ವಿದ್ಯೆಯೇ. ಆದರೆ ಬೆರಳಿಗೆ ತಿಳಿದದ್ದನ್ನು ಕಾಗದದ ಮೇಲೆ ಇಳಿಸಿ, ಒಬ್ಬ ರೋಗಿಯದನ್ನು ಇನ್ನೊಬ್ಬನದರ ಪಕ್ಕ ಇಟ್ಟು ಹೋಲಿಸಬಹುದು ಎಂದಾದಾಗ ಹೊಸ ಸಂಗತಿಗಳು ಕಾಣತೊಡಗಿದವು. ಸ್ಕಾರ್ಲೆಟ್ ಜ್ವರದ ರೋಗಿಗಳನ್ನು ದಿನವೂ ಪರೀಕ್ಷಿಸುತ್ತಿದ್ದ ಮಹಮದ್‌ಗೆ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುವ ಮೊದಲೇ ನಾಡಿಯ ಒತ್ತಡ ಏರುವುದು ಗೋಚರಿಸಿತು. ಮುಂದೆ ಹೋಗಿ, ಯಾವ ಕಾಯಿಲೆಯ ಗುರುತೂ ಇಲ್ಲದೆ ಆರಾಮಾಗಿ ಓಡಾಡಿಕೊಂಡಿರುವ ಜನರಲ್ಲೂ ಏರಿದ ಒತ್ತಡ ಇರಬಹುದು, ವರ್ಷಗಳ ಮೇಲೆ ಅದೇ ಅವರ ಹೃದಯವನ್ನೂ ಕಿಡ್ನಿಯನ್ನೂ ಕೆಡಿಸಬಹುದು ಎಂದು ಬರೆದ. ಇಂದು ನಾವು ‘ಏನೂ ತೊಂದರೆ ಇಲ್ಲ, ಚೆಕ್ ಮಾಡಿಸಿದಾಗ ಬಿಪಿ ಜಾಸ್ತಿ ಬಂತು’ ಎನ್ನುತ್ತೇವಲ್ಲ, ಆ ಸ್ಥಿತಿಯನ್ನು ಮೊದಲು ಸರಿಯಾಗಿ ಗುರುತಿಸಿದವನು ಅವನು. 1884ರಲ್ಲಿ ಟೈಫಾಯ್ಡ್ ಅವನನ್ನು ಒಯ್ದಿತು. ವಯಸ್ಸು 35. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ವಿಧಾನ ಬಂದದ್ದು ಇನ್ನೂ 12 ವರ್ಷಗಳ ನಂತರ, 1896ರಲ್ಲಿ, ಇಟಲಿಯ ರಿವಾ ರೋಚ್ಚಿಯಿಂದ.

ಬ್ರೈಟ್, ಮಹಮದ್ ಇಬ್ಬರ ಮಾತಿಗೂ ಆಧಾರವಿತ್ತು. ತೀರ್ಮಾನ ಆಗಬೇಕಾದರೆ ಕಿಡ್ನಿ ಒಳಗೆ ಏನು ಮಾಡುತ್ತಿದೆ ಎಂದು ತಿಳಿಯಬೇಕಿತ್ತು.

ಕಿಡ್ನಿ ಒಂದೊಂದೂ ಸುಮಾರು 150 ಗ್ರಾಂ ತೂಕದ ಅಂಗ. ಹೃದಯ ಹೊರದೂಡುವ ರಕ್ತದ ಐದನೇ ಒಂದು ಭಾಗಕ್ಕೂ ಹೆಚ್ಚು ಈ ಎರಡು ಪುಟ್ಟ ಅಂಗಗಳಿಗೆ ಹರಿಯುತ್ತದೆ. ಒಂದೊಂದರಲ್ಲೂ ಸರಾಸರಿ 10 ಲಕ್ಷದಷ್ಟು ಸೂಕ್ಷ್ಮ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳು. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರ್‌ನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಎಷ್ಟು ಉಪ್ಪು ಉಳಿಸಿಕೊಳ್ಳಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ನಡೆಯುವುದು ಇಲ್ಲೇ. ಉಪ್ಪು ಉಳಿದರೆ ಅದರ ಜೊತೆ ನೀರೂ ಉಳಿಯುತ್ತದೆ, ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ.

ಸೋಸುವ ಅಂಗವೇ ಒತ್ತಡವನ್ನೂ ಆಳುತ್ತದೆ ಎಂಬ ಸುಳಿವು 1898ರಲ್ಲಿ ಸ್ವೀಡನ್ನಿನಲ್ಲಿ ಸಿಕ್ಕಿತು. ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಮೊಲದ ಕಿಡ್ನಿಯನ್ನು ಅರೆದು ತೆಗೆದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಮೂರು ದಶಕ ಕಳೆದರೂ ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ಧಮನಿಯನ್ನು ಬೆಳ್ಳಿಯ ಕ್ಲಿಪ್ಪಿನಿಂದ ಅರೆಬರೆ ಬಿಗಿದ. ನಾಯಿಗಳ ಬಿಪಿ ಏರಿತು, ಏರಿ ಹಾಗೇ ನಿಂತಿತು. ರಕ್ತ ಕಡಿಮೆಯಾದಾಗ ಕಿಡ್ನಿ ರೆನಿನ್ ಬಿಡುತ್ತದೆ, ಅದು ಆಂಜಿಯೊಟೆನ್ಸಿನ್ ಎಂಬ ವಸ್ತುವನ್ನು ಹುಟ್ಟಿಸುತ್ತದೆ, ಅದು ರಕ್ತನಾಳಗಳನ್ನು ಬಿಗಿದು ಉಪ್ಪನ್ನು ಹಿಡಿದಿಡುತ್ತದೆ ಎಂಬ ಸರಪಳಿ ಕ್ರಮೇಣ ಬಿಚ್ಚಿಕೊಂಡಿತು. ಆಂಜಿಯೊಟೆನ್ಸಿನ್ ಅನ್ನು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲೂ ಅಮೆರಿಕದ ಇಂಡಿಯಾನಪೊಲಿಸ್‌ನಲ್ಲೂ ಬೇರೆ ಬೇರೆ ತಂಡಗಳು ಕಂಡುಹಿಡಿದವು.

ಔಷಧಿ ಬರುವವರೆಗೆ ರೋಗಿಗಳ ಪಾಡು ಏನು? 1940ರ ದಶಕದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ಜರ್ಮನ್ ವೈದ್ಯ, ವಿಪರೀತ ಬಿಪಿ ಮತ್ತು ಕಿಡ್ನಿ ಕಾಯಿಲೆಯವರಿಗೆ ಬರೀ ಅನ್ನ, ಹಣ್ಣು, ಸಕ್ಕರೆಯ ಪಥ್ಯ ಹಾಕಿದ. ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ತಡೆದುಕೊಂಡವರಲ್ಲಿ ಅನೇಕರ ಬಿಪಿ ಇಳಿಯಿತು, ಹಿಗ್ಗಿದ ಹೃದಯ ಕುಗ್ಗಿತು. ಅನ್ನ ತಿನ್ನುವ ನಾವು ಇದರಿಂದ ತಪ್ಪು ಪಾಠ ಕಲಿಯಬಾರದು. ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಉಪ್ಪಿಲ್ಲದಿರುವುದು. ನಮ್ಮ ತಟ್ಟೆಯಲ್ಲಿ ಅನ್ನದ ಜೊತೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಾರು, ಮೇಲೊಂದು ಚಿಟಿಕೆ ಪುಡಿಯುಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಅಡುಗೆಗೆ ಹಾಕಿದ್ದು, ಬೇಕರಿಯ ಖಾರದಲ್ಲಿ ಇರುವುದು ಎಲ್ಲ ಸೇರಿ.

ಸಮರ್ಪಕವಾದ ಔಷಧಿಯ ದಾರಿ ತೋರಿಸಿದ್ದು ಹಾವು. ಬ್ರೆಜಿಲ್‌ನ ಜರಾರಾಕಾ ಎಂಬ ಮಂಡಲ ಜಾತಿಯ ಹಾವು ಕಚ್ಚಿದವರ ರಕ್ತದೊತ್ತಡ ಕುಸಿದುಬೀಳುತ್ತಿತ್ತು. ಸರ್ಜಿಯೊ ಫೆರೇರಾ ಎಂಬ ಯುವ ವಿಜ್ಞಾನಿ 1965ರಲ್ಲಿ ಆ ವಿಷದೊಳಗಿನ ಒಂದು ಅಂಶವನ್ನು ಬೇರ್ಪಡಿಸಿದ. ಮುಂದೆ ಅದನ್ನು ಲಂಡನ್ನಿನ ಜಾನ್ ವೇನ್ ಪ್ರಯೋಗಾಲಯಕ್ಕೆ ಒಯ್ದಾಗ, ಆಂಜಿಯೊಟೆನ್ಸಿನ್ ತನ್ನ ಪ್ರಬಲ ರೂಪಕ್ಕೆ ಬದಲಾಗುವುದನ್ನು ಅದು ತಡೆಯುತ್ತದೆ ಎಂದು ತಿಳಿಯಿತು. ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಅದರ ಜಾಡು ಹಿಡಿದು 1975ರಲ್ಲಿ ನುಂಗುವ ಮಾತ್ರೆಯಾಗಬಲ್ಲ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎನಾಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು. ಇವತ್ತು ನಮ್ಮ ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿರುವ ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಮಾತ್ರೆಗಳು ಅದೇ ಸರಪಳಿಯನ್ನು ಇನ್ನೊಂದು ಕೊಂಡಿಯಲ್ಲಿ ಕತ್ತರಿಸುತ್ತವೆ.

ಈ ಮಾತ್ರೆಗಳು ಬಿಪಿಯನ್ನು ಇಳಿಸುವುದಲ್ಲದೆ ಕಿಡ್ನಿಯನ್ನೂ ಕಾಯುತ್ತವೆ ಎಂಬುದು 1993ರಲ್ಲಿ ಗಟ್ಟಿಯಾಯಿತು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಡುತ್ತಿದ್ದ 409 ಜನರ ಮೇಲೆ ಎಡ್ಮಂಡ್ ಲೂಯಿಸ್ ತಂಡ ನಡೆಸಿದ ಅಧ್ಯಯನದಲ್ಲಿ, ಕ್ಯಾಪ್ಟೊಪ್ರಿಲ್ ತೆಗೆದುಕೊಂಡವರು ಸಾವು, ಡಯಾಲಿಸಿಸ್ ಅಥವಾ ಕಸಿಯ ಹಂತಕ್ಕೆ ಹೋಗುವ ಸಂಭವ ಅರ್ಧಕ್ಕೆ ಇಳಿಯಿತು. ನೆಫ್ರಾನ್‌ಗಳು ಸಾಯುತ್ತಾ ಹೋದಂತೆ ಹತ್ತು ಆಳಿನ ಕೆಲಸ ಐದು ಆಳಿನ ಮೇಲೆ ಬೀಳುತ್ತದೆ. ಉಳಿದವು ವಿಪರೀತ ಒತ್ತಡದಲ್ಲಿ ದುಡಿದು ತಾವೂ ಬೇಗ ಸಾಯುತ್ತವೆ. ಈ ಮಾತ್ರೆಗಳು ಒಳಗಿನ ಆ ಒತ್ತಡವನ್ನು ಇಳಿಸುತ್ತವೆ. 2019ರಿಂದ ಈಚೆಗೆ ಇನ್ನೊಂದು ಗುಂಪಿನ ಔಷಧಿಗಳು ಸೇರಿಕೊಂಡಿವೆ. ಮೊದಲು ಶುಗರ್‌ಗೆಂದು ಬಂದ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಉಪಕಾರಿ ಎಂದು 2020ರಲ್ಲಿ 4,304 ಜನರ ಅಧ್ಯಯನ ತೋರಿಸಿತು.

ಇನ್ನು ಕಸಿಯ ಕಥೆ.

1954ರ ಡಿಸೆಂಬರ್ 23ರಂದು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರೆ ತಂಡ ರೊನಾಲ್ಡ್ ಹೆರಿಕ್ ಎಂಬ ಯುವಕನ ಒಂದು ಕಿಡ್ನಿಯನ್ನು ಅವನ ತದ್ರೂಪಿ ಅವಳಿ ರಿಚರ್ಡ್‌ಗೆ ಜೋಡಿಸಿತು. ಮರ್ರೆ ಎರಡನೇ ಮಹಾಯುದ್ಧದಲ್ಲಿ ಸುಟ್ಟ ಗಾಯಗಳ ಸೈನಿಕರಿಗೆ ಚರ್ಮ ಕಸಿ ಮಾಡುತ್ತಿದ್ದವನು. ಪರರ ಚರ್ಮವನ್ನು ದೇಹ ಕೆಲವೇ ದಿನಗಳಲ್ಲಿ ತಿರಸ್ಕರಿಸುವುದನ್ನು ಕಣ್ಣಾರೆ ಕಂಡಿದ್ದ. ತದ್ರೂಪಿ ಅವಳಿಗಳಾದರೆ ದೇಹಕ್ಕೆ ಅದು ಪರರದ್ದು ಎನಿಸುವುದಿಲ್ಲ. ಇಬ್ಬರೂ ನಿಜಕ್ಕೂ ತದ್ರೂಪಿಗಳೇ ಎಂದು ಖಚಿತಪಡಿಸಿಕೊಳ್ಳಲು ಒಬ್ಬನ ಚರ್ಮವನ್ನು ಇನ್ನೊಬ್ಬನಿಗೆ ಅಂಟಿಸಿ ನೋಡಿದರು. ಪೊಲೀಸ್ ಠಾಣೆಗೆ ಕಳಿಸಿ ಬೆರಳಚ್ಚನ್ನೂ ಹೋಲಿಸಿದರು. ಆರೋಗ್ಯವಂತನೊಬ್ಬನ ಹೊಟ್ಟೆ ಕೊಯ್ದು ಅವನಿಗೆ ಯಾವ ಲಾಭವೂ ಇಲ್ಲದ ಶಸ್ತ್ರಚಿಕಿತ್ಸೆ ಮಾಡುವುದು ಸರಿಯೇ ಎಂಬ ಪ್ರಶ್ನೆ ವೈದ್ಯರನ್ನು ಕಾಡಿತು. ಪ್ರತಿ ಜೀವಂತ ದಾನದಲ್ಲೂ ಅದು ಇಂದಿಗೂ ಇದೆ, ಇರಲೇಬೇಕು.

ಹೊಸ ಕಿಡ್ನಿ ಕೂಡಲೇ ಮೂತ್ರ ತಯಾರಿಸತೊಡಗಿತು. ಮುಂದಿನ ತಿಂಗಳುಗಳಲ್ಲಿ ರಿಚರ್ಡ್‌ನ ಎರಡೂ ಕೆಟ್ಟ ಕಿಡ್ನಿಗಳನ್ನು ತೆಗೆದುಹಾಕಿದಾಗ ಅವನ ವಿಪರೀತ ಬಿಪಿ ಸಹಜ ಸ್ಥಿತಿಗೆ ಇಳಿಯಿತು. ತನ್ನನ್ನು ನೋಡಿಕೊಂಡ ನರ್ಸ್‌ಳನ್ನೇ ಮದುವೆಯಾಗಿ, ಮಕ್ಕಳನ್ನು ಪಡೆದು, ಎಂಟು ವರ್ಷ ಬದುಕಿದ. ಕೊನೆಗೆ ಹಳೆಯ ಕಿಡ್ನಿಗಳನ್ನು ತಿಂದ ರೋಗವೇ ಹೊಸದನ್ನೂ ಹಿಡಿಯಿತು. ಸಹೋದರನಿಗೆ ಒಂದು ಕಿಡ್ನಿ ಕೊಟ್ಟ ರೊನಾಲ್ಡ್ 2010ರವರೆಗೆ, 79 ವರ್ಷ ಬಾಳಿದ. ಮರ್ರೆಗೆ 1990ರಲ್ಲಿ ನೊಬೆಲ್ ಬಂತು.

ಬಿಪಿ ಇಳಿದದ್ದು ಸಣ್ಣ ವಿಷಯವಲ್ಲ ಎಂದು ಸಂಶೋಧಕರಿಗೆ ಹೊಳೆಯಿತು. ಕಸಿಯೇ ಒಂದು ಪ್ರಯೋಗವಾಯಿತು. ಅಮೆರಿಕದ ಲೂಯಿಸ್ ಡಾಲ್ ಉಪ್ಪು ತಿಂದರೆ ಬಿಪಿ ಏರುವ ಇಲಿಗಳನ್ನೂ, ಎಷ್ಟು ತಿಂದರೂ ಏರದ ಇಲಿಗಳನ್ನೂ ಬೇರೆ ಬೇರೆಯಾಗಿ ಬೆಳೆಸಿದ್ದ. 1970ರ ದಶಕದಲ್ಲಿ ಅವುಗಳ ಕಿಡ್ನಿಗಳನ್ನು ಅದಲುಬದಲು ಮಾಡಿದ. ಬಿಪಿ ಇದ್ದ ಇಲಿಯ ಕಿಡ್ನಿ ಪಡೆದ ಆರೋಗ್ಯವಂತ ಇಲಿಗೆ ಬಿಪಿ ಬಂತು. ಒಳ್ಳೆಯ ಕಿಡ್ನಿ ಪಡೆದ ರೋಗಿ ಇಲಿಯ ಬಿಪಿ ಇಳಿಯಿತು. ಮನುಷ್ಯರಲ್ಲಿ ಇದನ್ನು ತೋರಿಸಿದ್ದು 1983ರಲ್ಲಿ, ಅಲಬಾಮಾದ ಜಾನ್ ಕರ್ಟಿಸ್ ತಂಡ. ಆ ತಂಡ ಪರೀಕ್ಷಿಸಿದ್ದು ಕಾರಣ ತಿಳಿಯದ ಬಿಪಿಯಿಂದಲೇ ಕಿಡ್ನಿ ಕಳೆದುಕೊಂಡಿದ್ದ ಆರು ರೋಗಿಗಳನ್ನು. ಬಿಪಿ ಇಲ್ಲದ ದಾನಿಗಳ ಕಿಡ್ನಿ ಕಸಿಯಾಗಿ ಸರಾಸರಿ ನಾಲ್ಕೂವರೆ ವರ್ಷ ಕಳೆದ ಮೇಲೆ, ಯಾವ ಬಿಪಿ ಮಾತ್ರೆಯೂ ಇಲ್ಲದೆ ಆರೂ ಜನರ ಒತ್ತಡ ಸಹಜವಾಗಿತ್ತು. ಅವರ ಹೃದಯ ಅದೇ, ರಕ್ತನಾಳ ಅದೇ, ಮನಸ್ಸು ಅದೇ, ಬದಲಾದದ್ದು ಕಿಡ್ನಿ.

ಹಾಗಾದರೆ ಬ್ರೈಟ್ ಗೆದ್ದನೇ? ಪೂರ್ತಿ ಅಲ್ಲ. ಮಿಸಿಸಿಪ್ಪಿಯ ಆರ್ಥರ್ ಗೈಟನ್ ಹೇಳಿಕೊಟ್ಟಂತೆ, ದೀರ್ಘಕಾಲದ ಒತ್ತಡ ಎಷ್ಟಿರಬೇಕೆಂದು ನಿಗದಿ ಮಾಡುವುದು ಕಿಡ್ನಿಯ ಉಪ್ಪು ಹೊರಹಾಕುವ ಶಕ್ತಿ. ಆ ಶಕ್ತಿಯಲ್ಲಿನ ಸೂಕ್ಷ್ಮ ದೋಷ ಯಾವ ಪರೀಕ್ಷೆಯಲ್ಲೂ ಕಾಣದೆ ವರ್ಷಗಟ್ಟಲೆ ಇರಬಹುದು. ಬಿಪಿ ಏರುತ್ತದೆ, ಮಹಮದ್ ಕಂಡಂತೆ ಮನುಷ್ಯ ಆರಾಮಾಗಿಯೇ ಓಡಾಡುತ್ತಿರುತ್ತಾನೆ. ಏರಿದ ಬಿಪಿ ಕಿಡ್ನಿಯ ಸೂಕ್ಷ್ಮ ನಾಳಗಳನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿಪಿಯನ್ನು ಇನ್ನಷ್ಟು ಏರಿಸುತ್ತದೆ. ಬೆಂಚಿನ ಮೇಲೆ ಕುಳಿತವರಿಗೆ ಸಿಗುವ ‘ಎರಡೂ’ ಎಂಬ ಉತ್ತರದ ಅರ್ಥ ಇದು. ಚಕ್ರವನ್ನು ಎಲ್ಲಿ ತಡೆದರೂ ಉಪಯೋಗವಿದೆ, ಮೊದಲು ತಡೆದಷ್ಟೂ ಹೆಚ್ಚು.

ಕಸಿ ಈ ಚಕ್ರಕ್ಕೆ ಪೂರ್ಣವಿರಾಮ ಎಂದುಕೊಳ್ಳಬಾರದು. ಪರಕೀಯ ಅಂಗವನ್ನು ದೇಹ ಒಪ್ಪಿಕೊಳ್ಳುವಂತೆ ಮಾಡುವ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಔಷಧಿಗಳೇ ಬಿಪಿಯನ್ನು ಏರಿಸುತ್ತವೆ, ದೀರ್ಘಕಾಲದಲ್ಲಿ ಹೊಸ ಕಿಡ್ನಿಗೂ ಸ್ವಲ್ಪ ಹಾನಿ ಮಾಡುತ್ತವೆ. ಕಸಿಯಾದವರಲ್ಲಿ ಹೆಚ್ಚಿನವರು ಬಿಪಿ ಮಾತ್ರೆ ಮುಂದುವರಿಸಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ಬಾಸ್ಟನ್ನಿನಲ್ಲೇ, ವಂಶವಾಹಿಗಳನ್ನು ತಿದ್ದಿದ ಹಂದಿಯ ಕಿಡ್ನಿಯನ್ನು ಮೊದಲ ಬಾರಿಗೆ ಜೀವಂತ ರೋಗಿಯೊಬ್ಬರಿಗೆ ಜೋಡಿಸಿದರು. ಅವರು ಎರಡು ತಿಂಗಳಾಗುವ ಮೊದಲೇ ತೀರಿಕೊಂಡರು. ಕಸಿಯಿಂದಲೇ ಸಾವು ಬಂತೆಂಬ ಸೂಚನೆ ಇಲ್ಲ ಎಂದಿತು ಆಸ್ಪತ್ರೆ. ಆ ದಾರಿ ತೆರೆದಿದೆ, ಆದರೆ ನಮ್ಮ ರೋಗಿಗಳು ಅದನ್ನು ನಂಬಿ ಕಾಯುವ ಕಾಲ ಬಂದಿಲ್ಲ.

ಭಾರತದಲ್ಲಿ ಯಶಸ್ವಿ ಕಿಡ್ನಿ ಕಸಿಯ ಪರಂಪರೆ ಆರಂಭವಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಮುಂದಿನ ಎರಡು ದಶಕಗಳಲ್ಲಿ ಬಡವರ ಕಿಡ್ನಿ ಮಾರಾಟದ ವಸ್ತುವಾಯಿತು. ಆ ಕಳಂಕ ಬೆಂಗಳೂರನ್ನೂ ಬಿಡಲಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆ ಮಾರಾಟವನ್ನು ಅಪರಾಧವಾಗಿಸಿತು, ಮಿದುಳು ಸಾವನ್ನು ಸಾವೆಂದು ಒಪ್ಪಿತು. ಇಂದು ದೇಶದಲ್ಲಿ ವರ್ಷಕ್ಕೆ 13 ಸಾವಿರಕ್ಕೂ ಹೆಚ್ಚು ಕಿಡ್ನಿ ಕಸಿಗಳು ನಡೆಯುತ್ತವೆ. ಹೊಸದಾಗಿ ಕಿಡ್ನಿ ವಿಫಲವಾಗುವವರ ಅಂದಾಜು ಸಂಖ್ಯೆ ವರ್ಷಕ್ಕೆ 2 ಲಕ್ಷದ ಸುತ್ತ. ಉಳಿದವರಿಗೆ ವಾರಕ್ಕೆ ಎರಡು ಮೂರು ಬಾರಿ, ಒಂದೊಂದು ಸಲಕ್ಕೆ ನಾಲ್ಕು ತಾಸಿನ ಡಯಾಲಿಸಿಸ್. ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತ ಡಯಾಲಿಸಿಸ್ ಬಂದಿರುವುದು ದೊಡ್ಡ ಉಪಕಾರ, ನಿಜ. ಆದರೂ ಕೂಲಿ ಬಿಟ್ಟು ಬಸ್ಸು ಹಿಡಿದು ಬರುವ ಸಂಸಾರದ ಸುಸ್ತು ಅದರಿಂದ ಕಡಿಮೆಯಾಗುವುದಿಲ್ಲ.

ನಮ್ಮಲ್ಲಿ ಬಹುಪಾಲು ಕಿಡ್ನಿ ಜೀವಂತ ದಾನಿಗಳಿಂದ ಬರುತ್ತದೆ, ಅವರಲ್ಲಿ ಹೆಚ್ಚಿನವರು ಹೆಂಗಸರು: ತಾಯಿ, ಹೆಂಡತಿ, ಅಕ್ಕ. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಪ್ರೀತಿಯಿಂದ ಕೊಡುತ್ತಾರೆ ಎಂದು ಸುಮ್ಮನಾಗುವುದು ಅನ್ಯಾಯ. ಅನೇಕ ಮನೆಗಳಲ್ಲಿ ‘ಒಲ್ಲೆ’ ಎನ್ನುವ ಅವಕಾಶವೇ ಅವರಿಗೆ ಇರುವುದಿಲ್ಲ. ದಾನದ ಅಪಾಯ ಸಣ್ಣದು. ಅಮೆರಿಕದ ದೊಡ್ಡ ಅಧ್ಯಯನವೊಂದರ ಅಂದಾಜಿನಲ್ಲಿ ಜೀವಮಾನದಲ್ಲಿ ಕಿಡ್ನಿ ವಿಫಲವಾಗುವ ಸಂಭವ ದಾನಿಗಳಲ್ಲಿ 10,000ಕ್ಕೆ 90, ಅವರಷ್ಟೇ ಆರೋಗ್ಯವಂತರಾಗಿ ದಾನ ಮಾಡದವರಲ್ಲಿ 14. ಸಣ್ಣದಾದರೂ ಸೊನ್ನೆಯಲ್ಲ. ದಾನ ಕೊಟ್ಟ ಹೆಂಗಸಿನ ಬಿಪಿಯನ್ನು ಪ್ರತಿ ವರ್ಷ ನೋಡಿಸುವ ಜವಾಬ್ದಾರಿ ಅವಳ ಕಿಡ್ನಿಯಿಂದ ಬದುಕಿರುವ ಮನೆಯದ್ದು.

ಈ ಭಾರ ಕಡಿಮೆಯಾಗಬೇಕಾದರೆ ಮಿದುಳು ಸತ್ತವರ ದಾನ ಹೆಚ್ಚಬೇಕು. ದೇಶದಲ್ಲಿ ಅಂಥ ದಾನಿಗಳು 2023ರಲ್ಲಿ 1,100ರಷ್ಟು. ಕರ್ನಾಟಕದಲ್ಲಿ ಈ ಕೆಲಸ ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಸಂಸ್ಥೆ. ನಾಲ್ವರು ವೈದ್ಯರ ಸಮಿತಿ, ಕನಿಷ್ಠ ಆರು ತಾಸುಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದ ಮೇಲೆಯೇ ಮಿದುಳು ಸಾವು ಎಂದು ಘೋಷಿಸುತ್ತದೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರನ್ನು ಕಳೆದುಕೊಂಡಾಗ ಅವರ ಮನೆಯವರು ಆ ದುಃಖದ ನಡುವೆಯೂ ಕಿಡ್ನಿಗಳೂ ಸೇರಿ ಅವರ ಅಂಗಗಳನ್ನು ದಾನ ಮಾಡಿದರು. ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ತೆಗೆದುಕೊಳ್ಳಬೇಕಾದ ಅತ್ಯಂತ ಕಷ್ಟದ ನಿರ್ಧಾರ ಅದು. ಬದುಕಿದ್ದಾಗಲೇ ಮನೆಯಲ್ಲಿ ಆ ಮಾತು ಆಡಿಟ್ಟರೆ ಉಳಿದವರಿಗೆ ಎಷ್ಟೋ ಸುಲಭ.

ಆದರೆ ಎಷ್ಟೇ ಕಸಿ ಮಾಡಿದರೂ ವರ್ಷಕ್ಕೆ ಎರಡು ಲಕ್ಷ ಕಿಡ್ನಿ ಹೊಂದಿಸಲು ಯಾವ ದೇಶಕ್ಕೂ ಆಗದು. ಇದನ್ನು ಮೊದಲೇ ಮನಗಂಡವರಲ್ಲಿ ಚೆನ್ನೈನ ಹಿರಿಯ ನೆಫ್ರಾಲಜಿಸ್ಟ್ ಡಾ. ಎಂ.ಕೆ. ಮಣಿ ಒಬ್ಬರು. ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ಚೆನ್ನೈ ಸಮೀಪದ ಹಳ್ಳಿಗಳಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿತು. ಬಿಪಿ ನೋಡುವುದು, ಮೂತ್ರಕ್ಕೆ ಆಮ್ಲದ ಹನಿ ಬೆರೆಸಿ ಪ್ರೋಟೀನು ಹೆಪ್ಪುಗಟ್ಟುತ್ತದೆಯೇ ಎಂದು ನೋಡುವುದು, ಸಕ್ಕರೆ ಇದೆಯೇ ಎಂದು ನೋಡುವುದು, ಇಷ್ಟೇ ಕೆಲಸ. ಬ್ರೈಟ್‌ನ ಚಮಚದ ಪರೀಕ್ಷೆಯೇ ಇದು, ಬೆಂಕಿಯ ಬದಲು ಆಮ್ಲ. ಸಿಕ್ಕಿದವರಿಗೆ ಬಹಳ ಅಗ್ಗದ, ಹಳೆಯ ಮಾತ್ರೆಗಳು. ಬಹುಪಾಲು ಜನರ ಬಿಪಿ ಹತೋಟಿಗೆ ಬಂತು. ನನಗೆ ಗೊತ್ತಿರುವ ಮಟ್ಟಿಗೆ ಕಿಡ್ನಿ ಕಾಯಿಲೆಯ ಬಗ್ಗೆ ನಮ್ಮ ದೇಶದಲ್ಲಿ ನಡೆದ ಅತ್ಯಂತ ಮುಖ್ಯವಾದ ಕೆಲಸಗಳಲ್ಲಿ ಇದು ಒಂದು. ನಮ್ಮ ಆಶಾ ಕಾರ್ಯಕರ್ತೆಯರು ಇರುವ ಪ್ರತಿ ಊರಿನಲ್ಲೂ ಇದನ್ನು ಮಾಡಲು ಸಾಧ್ಯ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಬಿಪಿ ಇದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಕಿಡ್ನಿ ನೋಯುವುದಿಲ್ಲ, ಕೂಗುವುದಿಲ್ಲ. ಅರ್ಧದಷ್ಟು ಶಕ್ತಿ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ಸಹಜವಾಗಿಯೇ ತೋರಿಸಬಹುದು. ಆದ್ದರಿಂದ ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಳ್ಳಿ. ಬಿಪಿಯೋ ಶುಗರೋ ಇದ್ದವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇದ್ದವರು ಮೂತ್ರದ ಪ್ರೋಟೀನು ಮತ್ತು ರಕ್ತದ ಕ್ರಿಯಾಟಿನಿನ್ ಎರಡನ್ನೂ ಪರೀಕ್ಷಿಸಿಕೊಳ್ಳಿ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ನೀವೇ ಕೊಂಡು ನುಂಗುವ ನೋವಿನ ಮಾತ್ರೆ ನಿಲ್ಲಿಸಿ. ‘ಬಿಪಿ ನಾರ್ಮಲ್ ಬಂತು’ ಎಂದು ಬಿಪಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ನಾರ್ಮಲ್ ಬಂದದ್ದು ಆ ಮಾತ್ರೆಯಿಂದ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆ ಸಿಗದಿದ್ದರೆ ಕೇಳಿ, ಮತ್ತೆ ಕೇಳಿ.